ಶೇ. 19 ಮತ್ತು ಶೇ. 20ರ ನಡುವೆ

ರಕ್ತ ಕ್ಯಾನ್ಸರ್ ಪತ್ತೆಗೆ ನೆರವಾಗುವ ತಂತ್ರಾಂಶಗಳಲ್ಲಿ ಎರಡು ಬಗೆ. ಬೆಂಗಳೂರಿನ ಸಿಗ್‌ಟಪಲ್ ಕಂಪನಿಯದರಂಥವು ರಕ್ತಲೇಪದ ಚಿತ್ರ ತೆಗೆದು ಕಣಗಳನ್ನು ವಿಂಗಡಿಸುತ್ತವೆ. ಇನ್ನು ಕೆಲವು, ಕಣಗಳ ಎಣಿಕೆ ಹಾಗೂ ಜೀನ್ ಪರೀಕ್ಷೆಯ ಫಲಿತಾಂಶ ಕೊಟ್ಟರೆ ರೋಗದ ಹೆಸರನ್ನೇ ಹೇಳುತ್ತವೆ. ನನ್ನ ತಕರಾರು ಈ ಎರಡನೆಯವುಗಳ ಬಗ್ಗೆ.

ಅಸ್ಥಿಮಜ್ಜೆಯಲ್ಲಿ ಬ್ಲಾಸ್ಟ್ ಎಂಬ ಅಪಕ್ವ ಕಣಗಳು ಶೇ. 20 ಇದ್ದರೆ ತೀವ್ರ ಮೈಲಾಯ್ಡ್ ಲ್ಯುಕೀಮಿಯ. 19 ಇದ್ದರೆ ಸಾಮಾನ್ಯವಾಗಿ ಬೇರೆ ಹೆಸರು. ಹೆಸರು ಬದಲಾದರೆ ಚಿಕಿತ್ಸೆಯೂ ಬದಲಾಗಬಹುದು. ಆದರೆ ಈ ಎಣಿಕೆ ಎಷ್ಟು ನಿಖರ? ಗೋಕಾಕ, ಮೂಡಲಗಿ, ಹುಕ್ಕೇರಿಯ ಶಿಕ್ಷಕರೇ, ತರಗತಿಯಲ್ಲೇ ಪರೀಕ್ಷಿಸಿ. ಗೋವಿನಜೋಳದ ಐದನೆಯ ಒಂದು ಪಾಲು ಕಾಳಿಗೆ ಬಣ್ಣ ಹಚ್ಚಿ, ಎಲ್ಲವನ್ನೂ ಬೆರೆಸಿ, ಕಣ್ಣುಮುಚ್ಚಿ 200 ಕಾಳು ತೆಗೆದು ಎಣಿಸಿ. ಬಣ್ಣದವು ಪ್ರತಿ ಬಾರಿಯೂ 40 ಬರುವುದಿಲ್ಲ. ಪ್ರಮಾಣಿತ ವಿಚಲನೆ √(200 × 0.2 × 0.8), ಅಂದರೆ ಸುಮಾರು 5.7 ಕಾಳು, ಶೇಕಡಾ ಲೆಕ್ಕದಲ್ಲಿ 2.8. ಮಜ್ಜೆಯ 500 ಕಣ ಎಣಿಸಿದರೂ 1.8 ಉಳಿಯುತ್ತದೆ. 19ನ್ನೂ 20ನ್ನೂ ಈ ಎಣಿಕೆ ಬೇರ್ಪಡಿಸಲಾರದು.

ಸಾಲದ್ದಕ್ಕೆ 2022ರಲ್ಲಿ ಎರಡು ವರ್ಗೀಕರಣಗಳು ಬಂದವು. ಎನ್‌ಪಿಎಂ1 ಜೀನಿನಲ್ಲಿ ವ್ಯತ್ಯಯವಿದ್ದು ಬ್ಲಾಸ್ಟ್ ಶೇ. 8 ಇದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದು ತೀವ್ರ ಲ್ಯುಕೀಮಿಯ. ಅಂತರರಾಷ್ಟ್ರೀಯ ಸಹಮತ ವರ್ಗೀಕರಣದ ಪ್ರಕಾರ ಅಲ್ಲ, ಅಲ್ಲಿ ಶೇ. 10 ಬೇಕು. ಎರಡನ್ನೂ ಅಕ್ಕಪಕ್ಕ ತೋರಿಸುವ ತಂತ್ರಾಂಶ ನಿಜಕ್ಕೂ ಉಪಕಾರಿ. (ಇಷ್ಟೊಂದು ನಿಯಮ ಯಾರ ನೆನಪಿನಲ್ಲಿ ನಿಂತೀತು!) ಆದರೆ ಹುಕ್ಕೇರಿಯ ರೋಗಿಯ ಮಾದರಿ ದೊಡ್ಡ ನಗರಕ್ಕೆ ಹೋಗಿ ಜೀನ್ ಫಲಿತಾಂಶ ಬರುವ ತನಕ ಅದು ‘ಇನ್ನೂ ಹೇಳಲಾಗದು’ ಎನ್ನಬೇಕು, 19ರ ಪಕ್ಕದಲ್ಲಿ ± 1.8 ಎಂದು ಬರೆಯಬೇಕು. ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ಇದನ್ನು ಬಿಟ್ಟ ವಿದ್ಯಾರ್ಥಿಗೆ ನಾವು ಅಂಕ ಕಳೆಯುತ್ತೇವೆ.