ಬಿಸಿಲೂರಿಗೆ ಬಣ್ಣದ ಗಾಜು

ರಾಯಚೂರಿನ ಪೇಟೆಯಲ್ಲಿ ಈಗ ಹೊಸ ಕಟ್ಟಡ ಎದ್ದರೆ ಮುಖಕ್ಕೆಲ್ಲ ನೀಲಿ ಗಾಜು ಹೊದಿಸುವುದು ರೂಢಿ. ಅದೂ ಪಶ್ಚಿಮಕ್ಕೆ ಮುಖ ಮಾಡಿ! ಬೆಳಕಿಗೆಂದು ಗಾಜು ಹಾಕಿಸಿ, ಏಪ್ರಿಲ್ ಬಂದೊಡನೆ ಬೆಳಕು ಬೇಡವೆಂದು ದಪ್ಪ ಪರದೆ ಎಳೆದು, ಎ.ಸಿ. ಹಚ್ಚಿ ಕೂಡುತ್ತಾರೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿದು. ಗಾಜು ಬಿಸಿಲನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಕಾದ ನೆಲ, ಗೋಡೆ ಸೂಸುವ ಶಾಖವನ್ನು ಮಾತ್ರ ಹೊರಗೆ ಬಿಡದು. ನಮ್ಮ ಸೀಮೆಯಲ್ಲಿ ಗಾಜಿನ ಜಾಗ ಮನೆಯ ಒಳಗೆ, ನೆರಳು ದಾಟಿದ ಮೇಲೆ.

ಗಾಜು ನಮಗೆ ಹೊಸದೇನಲ್ಲ. 1954ರಲ್ಲಿ ಪುರಾತತ್ತ್ವಜ್ಞ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಅಗೆಸಿದಾಗ ಗಾಜಿನ ಮಣಿಗಳೂ ಸಿಕ್ಕವು. ಆದರೆ ಕಿಟಕಿ ಬಾಗಿಲಿಗೆ ಗಾಜು ಬಂದದ್ದು ಬಹಳ ತಡವಾಗಿ. 1871ರಲ್ಲಿ ಬೊಂಬಾಯಿಯ ಹಳಿಯೂ ಮದರಾಸಿನ ಹಳಿಯೂ ರಾಯಚೂರಿನಲ್ಲಿ ಕೂಡಿದ ಮೇಲೆ ದೂರದ ಸರಕು ಬರುವುದು ಸುಲಭವಾಯಿತು. ಅನುಕೂಲಸ್ಥರ ಹಳೆಯ ವಾಡೆಗಳಲ್ಲಿ ಪಡಸಾಲೆಯ ಬಾಗಿಲ ನೆತ್ತಿಯ ಮೇಲೆ ಕೆಂಪು, ಹಸಿರು, ನೀಲಿ ಗಾಜು ಕೂಡಿಸಿದ್ದನ್ನು ನೋಡಿ. ತುಂಡುಗಳು ಗೇಣುದ್ದವೂ ಇರುವುದಿಲ್ಲ. ಸೂರಿನ ನೆರಳಿನಲ್ಲಿ ಸೋಸಿ ಬಂದ ಬೆಳಕಷ್ಟೇ ಅವಕ್ಕೆ ತಾಗುತ್ತದೆ. ಅಷ್ಟರಿಂದಲೇ ಕೋಣೆಗೆ ಕಳೆ. ಹಟ್ಟಿ ಗಣಿಯ ಜಿಲ್ಲೆಯವರಿಗೆ ಇನ್ನೊಂದು ಸಂಗತಿ ಹೇಳಬೇಕು: ಮಾಣಿಕ್ಯಗೆಂಪಿನ ಉತ್ತಮ ಗಾಜಿಗೆ ಆ ಬಣ್ಣ ಬರುವುದು ಅದರಲ್ಲಿ ಕರಗಿಸಿದ ಅತ್ಯಲ್ಪ ಚಿನ್ನದಿಂದ. ನೀಲಿಗೆ ಕೋಬಾಲ್ಟ್, ನೇರಳೆಗೆ ಮ್ಯಾಂಗನೀಸ್.

ಈಗ ಅಂಗಡಿಯಲ್ಲಿ ಬಣ್ಣದ ಗಾಜೆಂದು ತೋರಿಸುವುದರಲ್ಲಿ ಹೆಚ್ಚಿನದು ಸ್ಟಿಕರ್ ಅಂಟಿಸಿದ ಸಾದಾ ಗಾಜು. ತುಂಡನ್ನು ಎತ್ತಿ ಅಂಚಿನ ಕಡೆಯಿಂದ ನೋಡಿ. ಮೈಯೊಳಗೇ ಬಣ್ಣವಿದ್ದರೆ ಅಂಚಿನಲ್ಲಿ ಅದು ಇನ್ನೂ ಗಾಢವಾಗಿ ಕಾಣುತ್ತದೆ. ಸ್ಟಿಕರ್ ಆದರೆ ಅಂಚು ಕಬ್ಬಿಣದ ಅಂಶದ ತಿಳಿಹಸಿರು. ನಮ್ಮ ಬಿಸಿಲಿಗೆ ಸ್ಟಿಕರ್ ಬಣ್ಣಗೆಟ್ಟು ಮೂಲೆಯಿಂದ ಏಳುತ್ತದೆ.

ಗೋಡೆಗೊಂದು ದೊಡ್ಡ ಕನ್ನಡಿ ಹಾಕಿಸುವ ಚಟವೂ ನನಗೆ ಹಿಡಿಸದು. ದೇವದುರ್ಗದ ಕಡೆ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಹಳೆಯ ಕಸೂತಿ ಸಿಕ್ಕರೆ ಹತ್ತಿರದಿಂದ ಗಮನಿಸಿ. ಬಿಲ್ಲೆಗನ್ನಡಿಗೆ ತೂತಿಲ್ಲ, ಅಂಟಿಲ್ಲ. ಮೊದಲು ಅಡ್ಡ ಉದ್ದ ನೂಲು ಎಳೆದು ಬಿಗಿದು, ಆ ನೂಲಿಗೇ ಸುತ್ತಲೂ ಹೊಲಿಗೆ ಹಾಕುತ್ತ ಕನ್ನಡಿಯನ್ನು ಕಚ್ಚಿಸುತ್ತಾರೆ. ಬಟ್ಟೆ ಮಡಿಚಿದಂತೆ ಒಂದೊಂದು ಬಿಲ್ಲೆಯೂ ಒಂದೊಂದು ಕಡೆ ತಿರುಗುವುದರಿಂದ ಬೆಳಕು ಒಡೆದು ಚದುರುತ್ತದೆ. ಮಾನ್ವಿಯ ಹಳೆಯ ಮನೆಗಳ ದಪ್ಪ ಗೋಡೆಯ ನಡುವಿನ ಕತ್ತಲೆ ಓಣಿಗೆ ಇದೇ ಉಪಾಯ ಸಾಕು. ಗಾರೆ ಹಸಿ ಇರುವಾಗಲೇ ಚಿಕ್ಕ ಚಿಕ್ಕ ಕನ್ನಡಿಯನ್ನು ತುಸು ಓರೆಯಾಗಿ ಒತ್ತಿಸಬೇಕು. ಸಮತಟ್ಟಾಗಿ ಕೂಡಿಸಿದರೆ ಕೆಲಸ ಕೆಟ್ಟಿತು.

ಪಡಸಾಲೆಗೂ ಅಡುಗೆಮನೆಗೂ ನಡುವೆ ಗೋಡೆ ಬೇಡ ಎನ್ನುವವರಿಗೆ ಗೀರು ಗೀರಿನ ಫ್ಲೂಟೆಡ್ ಗಾಜು ಒಪ್ಪುತ್ತದೆ. ಬೆಳಕು ದಾಟುತ್ತದೆ, ಒಳಗಿನ ಪಾತ್ರೆಯ ರಾಶಿ ಕಲಸಿಹೋಗುತ್ತದೆ. ನುಣುಪು ಮಗ್ಗಲು ಒಲೆಯ ಕಡೆಗಿರಲಿ, ಇಲ್ಲವಾದರೆ ಗೀರಿನ ಸಂದಿಯಲ್ಲೆಲ್ಲ ಒಗ್ಗರಣೆಯ ಜಿಡ್ಡು. ಬಚ್ಚಲಿನ ಬಾಗಿಲಿಗೆ ಮರಳು ಹೊಡೆದ ಮಬ್ಬು ಗಾಜಾದರೆ ಮಬ್ಬು ಮಗ್ಗಲು ಹೊರಕ್ಕೆ ಬರಬೇಕು. ನೀರು ಬಿದ್ದರೆ ಆ ಮಬ್ಬು ತಿಳಿಯಾಗಿ ಒಳಗಿನವರ ಮಾನ ಹೋಗುತ್ತದೆ!

ಬಾಗಿಲಿಗೆ, ಮೇಜಿಗೆ ಟಫನ್ಡ್ ಗಾಜೇ ಸರಿ. ಅದನ್ನು 600 ಡಿಗ್ರಿಗೂ ಮೇಲೆ ಕಾಸಿ, ಗಾಳಿ ಹಾಯಿಸಿ ತಟ್ಟನೆ ಆರಿಸಿರುತ್ತಾರೆ. ಒಡೆದರೆ ಮೊಂಡು ಹರಳಾಗಿ ಉದುರುತ್ತದೆ. ಹಿಡಿಕೆಯ ತೂತು, ಕೀಲಿನ ಕಚ್ಚು, ಎಲ್ಲ ಅಳತೆಯನ್ನೂ ಮುಂಚೆಯೇ ಬರೆದುಕೊಡಬೇಕು. "ಭಟ್ಟಿಗೆ ಹೋಗಿ ಬಂದಮ್ಯಾಲ ಒಂದು ನೂಲಷ್ಟೂ ಕೊಯ್ಯಾಕ ಬರಂಗಿಲ್ರಿ" ಎಂದು ಕೆಲಸಗಾರ ಹೇಳಿದರೆ ಅದು ನೆಪವಲ್ಲ. ತಲೆಯ ಮೇಲಿನ ಬೆಳಕಿಂಡಿಗೆ ಮಾತ್ರ ನಡುವೆ ಪದರ ಇಟ್ಟು ಬೆಸೆದ ಲ್ಯಾಮಿನೇಟೆಡ್ ಗಾಜನ್ನೇ ಕೇಳಿ. ಒಡೆದರೂ ಚೂರು ಪದರಕ್ಕೆ ಅಂಟಿಕೊಂಡಿರುತ್ತದೆ. ಮಂಗಗಳ ಕಾಟವಿರುವ ಓಣಿಯಲ್ಲಿ ಈ ಖರ್ಚು ಉಳಿಸಬೇಡಿ.