ಸರಿಸಿ ಉಳಿಸಿದ ಮದ್ದಿನಮನೆ

ಬೆಂಗಳೂರಿನ ವೈಟ್‌ಫೀಲ್ಡಿನ ಇನ್ನರ್ ಸರ್ಕಲ್‌ನಲ್ಲಿ ಆಂಗ್ಲೋ ಇಂಡಿಯನ್ನರ ಹಳೆಯ ಬಂಗಲೆಗಳು ಒಂದೊಂದಾಗಿ ನೆಲಸಮವಾಗುವುದನ್ನು ಕಂಡವರಿಗೆ ಶ್ರೀರಂಗಪಟ್ಟಣದ ಮದ್ದಿನಮನೆಯ, ಅಂದರೆ ಸಿಡಿಮದ್ದಿನ ಉಗ್ರಾಣದ, ಕಥೆ ನಂಬಲು ಕಷ್ಟ. ಬೆಂಗಳೂರು–ಮೈಸೂರು ಜೋಡಿ ಹಳಿಗೆ ಅಡ್ಡವಾಗಿದ್ದ, ಟಿಪ್ಪುವಿನ ಕಾಲದ ಆ ಕಟ್ಟಡವನ್ನು ಕೆಡವಲಿಲ್ಲ. 2017ರ ಮಾರ್ಚ್‌ನಲ್ಲಿ ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ಆಚೆಗೆ ಒಯ್ದು ಕೂರಿಸಿದರು. ತೂಕ ಹೆಚ್ಚುಕಡಿಮೆ 1,000 ಟನ್.

ಕೆಲಸದ ಕುಶಲತೆಯ ಬಗ್ಗೆ ಎರಡು ಮಾತಿಲ್ಲ. ಇಟ್ಟಿಗೆ, ಸುಣ್ಣದ ಗಾರೆಯ ಗೋಡೆ ಭಾರ ಹೊರುತ್ತದೆ, ಎಳೆತ ತಾಳುವುದಿಲ್ಲ. ತಳದ ಒಂದು ಮೂಲೆ ತುಸು ಹೆಚ್ಚು ಮೇಲೆದ್ದರೂ ಕಮಾನು ಬಿರಿಯುತ್ತದೆ. ಸುತ್ತ ಮಣ್ಣು ಬಿಡಿಸಿ, ಅಡಿಗೆ ಉಕ್ಕಿನ ತೊಲೆ ತೂರಿಸಿ, ಹೈಡ್ರಾಲಿಕ್ ಜಾಕ್‌ಗಳಿಂದ ಎಲ್ಲ ಕಡೆಯೂ ಒಂದೇ ಸಮ ಎತ್ತಬೇಕು. ಈಜಿಪ್ಟಿನ ಅಬು ಸಿಂಬೆಲ್ ದೇಗುಲವನ್ನು 1960ರ ದಶಕದಲ್ಲಿ ತುಂಡು ತುಂಡಾಗಿ ಕೊಯ್ದು ಸಾಗಿಸಿದ್ದರು. ಇಲ್ಲಿ ಗೋಡೆ, ಚಾವಣಿ ಕೂಡಿಕೊಂಡೇ ಹೋದವು.

ನನ್ನ ತಕರಾರು ಬೇರೆ. ಸೇನೆಯ ಕಟ್ಟಡಕ್ಕೆ ಅದು ನಿಂತ ಜಾಗವೇ ಅರ್ಧ ಅರ್ಥ. ಕಾವೇರಿಯ ಕವಲುಗಳ ನಡುವಿನ ಈ ದ್ವೀಪದಲ್ಲಿ ಮದ್ದಿಗೆ ತೇವವೇ ಶತ್ರು. ಹಾಗಿದ್ದೂ ಮದ್ದಿನಮನೆಗಳನ್ನು ಅರೆ ನೆಲದೊಳಗೆ ಇಳಿಸಿ, ದಪ್ಪ ಗೋಡೆಯಿಟ್ಟು ಕಟ್ಟಿದರು: ಹೊರಗಿನ ಗುಂಡು ತಾಕಬಾರದು, ಒಳಗೆ ಸಿಡಿದರೆ ಊರಿಗೆ ಹಾನಿ ಹಬ್ಬಬಾರದು. ಕೋಟೆಗೋಡೆಯ ಫಿರಂಗಿಗೆ ಎಷ್ಟು ಹತ್ತಿರ, ಜನರ ಮನೆಗಳಿಂದ ಎಷ್ಟು ದೂರ ಎಂಬ ಲೆಕ್ಕವೂ ಇಂಥ ಕಟ್ಟಡದಲ್ಲಿ ಸೇರಿರುತ್ತದೆ. 1799ರ ಮೇ 4ರಂದು ಬ್ರಿಟಿಷರ ಕೈಗೆ ಬಿದ್ದ ಕೋಟೆ ಹೇಗೆ ಕಾದಾಡಿತು ಎಂದು ತಿಳಿಯಲು ಈ ಅಂತರಗಳೂ ಸಾಕ್ಷಿ. 130 ಮೀಟರ್ ಸರಿದ ಕಟ್ಟಡ ಆ ಸಾಕ್ಷ್ಯ ನುಡಿಯಲಾರದು.

ಹಾಗೆಂದು ಕೆಡವಬೇಕಿತ್ತೆ? ಖಂಡಿತ ಇಲ್ಲ. ರೈಲು ಈ ಕೋಟೆಯನ್ನು ಸೀಳಿದ್ದು ಹತ್ತೊಂಬತ್ತನೆಯ ಶತಮಾನದಲ್ಲೇ. ಎರಡನೆಯ ಹಳಿ ಬರುವ ಹೊತ್ತಿಗೆ ಉಳಿದಿದ್ದ ದಾರಿಗಳಲ್ಲಿ ಇದೇ ಮೇಲು. ಆದರೆ ಇದನ್ನೇ ಮಾದರಿ ಎಂದು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ‘ಹೇಗೂ ಸರಿಸಬಹುದಲ್ಲ’ ಎಂಬ ಮಾತು ಮುಂದಿನ ರಸ್ತೆಗೆ, ಮುಂದಿನ ಮೆಟ್ರೊಗೆ ಸುಲಭದ ನೆಪವಾಗುತ್ತದೆ. ಸರಿಸುವುದು ಕೊನೆಯ ಉಪಾಯವಾಗಿಯೇ ಇರಲಿ.

ಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನಮನೆಗಳು ಇನ್ನೂ ಹಲವು ಇದ್ದಲ್ಲೇ ಇವೆ. ಸರಿಸಿದ ಕಟ್ಟಡದ ಮೂಲ ಜಾಗವನ್ನು ಹಳಿಯ ಪಕ್ಕದಲ್ಲಿ ಗುರುತಿಸಿ, ಇವೆಲ್ಲವನ್ನೂ ಒಂದೇ ನಕ್ಷೆಯಲ್ಲಿ ತೋರಿಸಲಿ. ಶ್ರೀರಂಗಪಟ್ಟಣಕ್ಕೆ ಹೋದವರು ರಂಗನಾಥನ ಗುಡಿ, ದರಿಯಾ ದೌಲತ್ ನೋಡಿದ ಮೇಲೆ, ಸರಿಸಿದ ಈ ಕಟ್ಟಡ ನೋಡಲು ರೈಲು ನಿಲ್ದಾಣದ ಕಡೆಗೂ ಹೆಜ್ಜೆ ಹಾಕಲಿ.