ಆಕರವೆಂಬ ಪದ: ದಂತವಾಣಿಜ್ಯ ಲಕ್ಷಣದ ಒಂದು ವಿಮರ್ಶೆ

ಶ್ರಾವಕನಿಗೆ ವರ್ಜ್ಯವೆನಿಸಿದ ಹದಿನೈದು ಕರ್ಮಾದಾನಗಳಲ್ಲಿ ದಂತವಾಣಿಜ್ಯವೂ ಒಂದು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದ ಮೂರನೆಯ ಪ್ರಕಾಶದಲ್ಲಿ ಅದಕ್ಕೆ ಕೊಟ್ಟಿರುವ ಲಕ್ಷಣ ಬಹು ಚಿಕ್ಕದು. ಆದರೆ ಅದರಲ್ಲಿನ ಒಂದು ಪದವನ್ನು ಓದುಗರು ಸಾಮಾನ್ಯವಾಗಿ ಗಮನಿಸದೆ ದಾಟಿಬಿಡುತ್ತಾರೆ. ದಂತ, ಕೇಶ, ನಖ, ಅಸ್ಥಿ, ಚರ್ಮ, ರೋಮ ಮೊದಲಾದ ತ್ರಸಜೀವಿಗಳ ಅಂಗಗಳನ್ನು ವ್ಯಾಪಾರಾರ್ಥವಾಗಿ ‘ಆಕರ’ದಲ್ಲಿ, ಎಂದರೆ ಅವು ಉತ್ಪನ್ನವಾಗುವ ಸ್ಥಳದಲ್ಲಿಯೇ, ಕೊಳ್ಳುವುದು ದಂತವಾಣಿಜ್ಯವೆನಿಸುತ್ತದೆ. ಸರಕು ಯಾವುದು ಎಂಬುದರೊಡನೆ ಅದನ್ನು ಎಲ್ಲಿ ಕೊಂಡರು ಎಂಬುದನ್ನೂ ಆಚಾರ್ಯರು ವಿಚಾರಕ್ಕೆ ತಂದಿರುವುದು ಗಮನಾರ್ಹ.

ಇದರ ಕಾರಣ ಆವಶ್ಯಕ ಚೂರ್ಣಿಯಲ್ಲಿ ಸ್ಪಷ್ಟವಾಗುತ್ತದೆ. ವರ್ತಕನೊಬ್ಬ ಪುಲಿಂದರಿಗೆ ದಂತಕ್ಕಾಗಿ ಮುಂಗಡವಾಗಿ ಹಣ ಕೊಡುತ್ತಾನೆ. ಅವನು ಬೇಗನೆ ಮರಳಿ ಬರುವನೆಂದು ತಿಳಿದು ಅವರು ಆನೆಗಳನ್ನು ಕೊಲ್ಲುತ್ತಾರೆ. ಕೊಂದವರು ಪುಲಿಂದರು, ಗ್ರಂಥವು ದೋಷಕ್ಕೆ ಹೆಸರಿಟ್ಟದ್ದು ವರ್ತಕನ ವ್ಯವಹಾರಕ್ಕೆ. ಕಾಡಿನವನ ಕೈಗಿಂತ ಮುಂಗಡದ ಗಂಟು ಮೊದಲು ಎಂಬ ಈ ತಿಳಿವಳಿಕೆ ಸುಮಾರು ಹದಿಮೂರು ಶತಮಾನಗಳಷ್ಟು ಹಳೆಯದು. ಇಂದಿನ ವಾಣಿಜ್ಯ ಪಠ್ಯಗಳು ಬೇಡಿಕೆಯ ಕುರಿತು ಬರೆದಿರುವ ಅಧ್ಯಾಯಗಳಲ್ಲಿ ಇಷ್ಟು ನೇರವಾದ ಮಾತು ವಿರಳ.

ಇಂತಹ ಆಕರವನ್ನು ಕನ್ನಡಿಗರು ದೂರದಲ್ಲಿ ಹುಡುಕಬೇಕಾಗಿಲ್ಲ. ಕುಮಟಾ ತಾಲ್ಲೂಕಿನ ಯಾಣದಲ್ಲಿ ಭೈರವೇಶ್ವರ, ಮೋಹಿನಿ ಶಿಖರಗಳ ಕರಿಬಂಡೆಗಳನ್ನು ನೋಡಲು ಹೋಗುವ ಯಾತ್ರಿಕನು ಹಾದುಹೋಗುವ ಸಹ್ಯಾದ್ರಿಯ ಕಾಡು, ಮತ್ತು ಅದರ ಮೇಲಣ ಸಿರಸಿ, ಸಿದ್ದಾಪುರ, ಸಾಗರ, ಸೊರಬದ ಸೀಮೆ, ಬಹುಕಾಲದಿಂದ ನಗರದ ಮನೆಗಳ ಅಲಂಕಾರಕ್ಕೆ ಸಾಮಗ್ರಿಯನ್ನು ಒದಗಿಸಿವೆ. ಗಂಧ ಮತ್ತು ದಂತದ ಕೆತ್ತನೆಗೆ ಹೆಸರಾದ ಗುಡಿಗಾರರು ಈ ಸೀಮೆಯವರೇ. ಅವರ ಪೆಟ್ಟಿಗೆ, ಮಂಟಪ, ಮೂರ್ತಿಗಳ ಸೊಬಗನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಮರ ಎಲ್ಲಿಯದು, ದಂತ ಎಲ್ಲಿಯದು ಎಂದು ಕೇಳಿದ ಕಲಾವಿಮರ್ಶಕರು ಕಡಿಮೆ. ಸರಕಿನ ಹೆಸರೇ ಆಕರವನ್ನು ಮರೆಸುವುದೂ ಉಂಟು. ಧಾರವಾಡ ಸೀಮೆಯ ಹೊಲಗಳಲ್ಲಿ ಬೆಳೆದ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಹಡಗನ್ನೇರಿದ್ದರಿಂದ ‘ಕುಮಟಾ ಹತ್ತಿ’ಯೆಂದೇ ಪ್ರಸಿದ್ಧವಾಯಿತು.

ಈ ಪಟ್ಟಿ ಶ್ವೇತಾಂಬರ ಪರಂಪರೆಯದು, ಕರ್ನಾಟಕದ ದಿಗಂಬರ ಶ್ರಾವಕರಿಗೆ ಅದರ ಬಂಧನವಿಲ್ಲವೆಂಬ ಆಕ್ಷೇಪ ಬರಬಹುದು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಈ ಹದಿನೈದನ್ನು ಹೇಳಿ, ಇದು ಸಮಂಜಸವಲ್ಲವೆಂದೂ ಹೇಳಿದ್ದಾರೆ. ಅವರ ಕಾರಣವನ್ನು ಮಾತ್ರ ಅಲಕ್ಷಿಸಲಾಗದು. ಲೋಕದಲ್ಲಿ ಸಾವದ್ಯಕರ್ಮಗಳು ಅಗಣಿತ, ಎಣಿಸಿ ಮುಗಿಸುವಂಥವಲ್ಲ. ಬೇಕಾದರೆ ತೀರ ಮಂದಮತಿಗಳಿಗೆ ಈ ಪಟ್ಟಿಯನ್ನು ಉಪದೇಶಿಸಬಹುದು ಎಂಬುದು ಅವರ ಅಭಿಪ್ರಾಯ. ಪಟ್ಟಿಯಲ್ಲಿಲ್ಲದ ಸರಕೆಲ್ಲ ನಿರ್ದೋಷವೆಂದು ಭಾವಿಸುವವನಿಗೆ ಇದಕ್ಕಿಂತ ಕಟುವಾದ ಉತ್ತರವಿಲ್ಲ.

ವಿಮರ್ಶೆಗೆ ಒಳಪಡಬೇಕಾದ ಭಾಗ ಬೇರೆ ಇದೆ. ಹೇಮಚಂದ್ರರು ತಮ್ಮದೇ ವೃತ್ತಿಯಲ್ಲಿ, ಆಕರವಲ್ಲದ ಕಡೆ ದಂತಾದಿಗಳನ್ನು ಕೊಂಡರೂ ಮಾರಿದರೂ ದೋಷವಿಲ್ಲವೆಂದು ವಿನಾಯಿತಿ ಕೊಟ್ಟಿದ್ದಾರೆ. ಪೇಟೆಯ ಅಂಗಡಿಯಲ್ಲಿ ಆಗಲೇ ಇದ್ದ ದಂತವನ್ನು ಕೊಂಡವನು ಆನೆಯನ್ನು ಕೊಲ್ಲಲು ಯಾರನ್ನೂ ಪ್ರೇರಿಸಲಿಲ್ಲವೆಂಬುದು ತರ್ಕ. ಕಾಡಿಗೂ ಪೇಟೆಗೂ ತಿಂಗಳುಗಳ ದಾರಿಯಿದ್ದ ಕಾಲದಲ್ಲಿ ಈ ಭೇದಕ್ಕೆ ಅರ್ಥವಿದ್ದಿರಬಹುದು. ಆದರೆ ಮಾರಾಟವಾದ ಸರಕಿನ ಜಾಗದಲ್ಲಿ ಇನ್ನೊಂದನ್ನು ತಂದಿಡುವುದೇ ಅಂಗಡಿಯ ಧರ್ಮ. ಅಂಗಡಿಯಲ್ಲಿ ಕೊಟ್ಟ ಬೆಲೆ ಮುಂದಿನ ಸರಕಿಗೆ ಮುಂಗಡವಾಗಿ ಆಕರಕ್ಕೆ ತಲುಪುತ್ತದೆ.

ಈ ವಿನಾಯಿತಿ ಆಚರಣೆಯಲ್ಲಿ ಏನಾಗುತ್ತದೆಂಬುದನ್ನು ನಮ್ಮ ದೇಶದ ಕಾನೂನೇ ಒಮ್ಮೆ ಪರೀಕ್ಷಿಸಿ ನೋಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನು ನಿಷೇಧಿಸಿತು. ಆಮದಾದ ಆಫ್ರಿಕದ ದಂತಕ್ಕೆ ಅವಕಾಶ ಉಳಿಯಿತು. ಇಲ್ಲಿನ ಕೆತ್ತನೆಗಾರನ ಪಾಲಿಗೆ ಆಫ್ರಿಕದ ದಂತ ಅಕ್ಷರಶಃ ‘ಅನಾಕರ’ದ್ದು. ಆದರೆ ಕೆತ್ತಿದ ದಂತ ಯಾವ ಕಾಡಿನದೆಂದು ಕಣ್ಣು ಹೇಳಲಾರದು. ಒಂದರ ಹೆಸರಿನಲ್ಲಿ ಇನ್ನೊಂದು ಸಾಗಿತು. 1989ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ನಿರ್ಣಯವಾಯಿತು. 1991ರಲ್ಲಿ ಭಾರತವು ಆಫ್ರಿಕದ ದಂತವನ್ನೂ ನಿಲ್ಲಿಸಿತು. ಕಲೆ ಅದರಿಂದ ಸಾಯಲಿಲ್ಲ. ಮೈಸೂರಿನ ಬೀಟೆ ಮರದ ಕುಸುರಿಯಲ್ಲಿ ದಂತದ ಜಾಗಕ್ಕೆ ಬೇರೆ ಮರಗಳ ತುಂಡು, ಪ್ಲಾಸ್ಟಿಕ್ ಬಂದವು.

ಶ್ರೀಗಂಧ ತ್ರಸಜೀವಿಯ ಅಂಗವಲ್ಲ. ಅಲ್ಲಿ ಪ್ರಶ್ನೆ ಅಚೌರ್ಯದ್ದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳವಿನ ಪ್ರೇರಣೆಯ ಪಕ್ಕದಲ್ಲಿಯೇ ಕದ್ದ ಮಾಲನ್ನು ಸ್ವೀಕರಿಸುವ ‘ತದಾಹೃತಾದಾನ’ವನ್ನು ಇರಿಸಿದೆ. ಅಲ್ಲಿ ಆಕರ-ಅನಾಕರ ಭೇದವಿಲ್ಲ. ವೀರಪ್ಪನ್ ಹತನಾದ 2004ರವರೆಗೆ ದಕ್ಷಿಣದ ಕಾಡುಗಳಿಂದ ಹೊರಬಿದ್ದ ಗಂಧವೂ ದಂತವೂ ಯಾವುದೋ ಮನೆಯ ಪಡಸಾಲೆಯನ್ನು ಸೇರಿಯೇ ಇರಬೇಕು. ಆ ಗೃಹಸ್ಥರ ಹೆಸರು ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ. ಇತ್ತ ಸರ್ಕಾರದ ಗಂಧದ ಕೋಠಿಯಿಂದ ಲೆಕ್ಕದ ಮರವನ್ನು ಪಡೆದು ಕೆತ್ತುವ ಗುಡಿಗಾರನು ಕೊರತೆಯ ವರ್ಷಗಳಲ್ಲಿ ಶಿವಣೆ ಮರಕ್ಕೆ ತಿರುಗಬೇಕಾಯಿತು.

ಹಾಗೆಂದು ರಸೀದಿಯೊಂದಿದ್ದರೆ ಸಾಕೆಂದಲ್ಲ. ಇದೇ ಜಿಲ್ಲೆಯ ದಾಂಡೇಲಿಯ ಕಾಗದ ಕಾರ್ಖಾನೆಗೆ 1958ರಲ್ಲಿ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಯಿತು. ಎಲ್ಲವೂ ಕಾನೂನುಬದ್ಧ. ಬುಟ್ಟಿ, ಮೊರ, ಚಾಪೆ ಹೆಣೆಯುವ ಮೇದಾರರು ಮಾತ್ರ ಪೇಟೆಯ ದರಕ್ಕೆ ಬಿದಿರನ್ನು ಕೊಳ್ಳಬೇಕಾಗಿತ್ತು. ಮಾಧವ ಗಾಡ್ಗೀಳರು ಮುಂದೆ ಈ ಕಾಡುಗಳ ಬಿದಿರಿನ ಕ್ಷಯವನ್ನು ಅಧ್ಯಯನ ಮಾಡಿದಾಗ, ಅಷ್ಟು ಅಗ್ಗವಾಗಿ ಸಿಗುವ ವಸ್ತುವನ್ನು ಉಳಿಸಿಕೊಳ್ಳುವ ಅಗತ್ಯ ಯಾರಿಗೂ ಕಂಡಿರಲಿಲ್ಲವೆಂಬುದು ತಿಳಿದುಬಂತು. ಜಮಾಖರ್ಚಿನಲ್ಲಿ ಒಂದು ಪೈಸೆಯ ದೋಷವಿಲ್ಲದ ವ್ಯವಹಾರವೂ ಆಕರವನ್ನು ಬರಿದುಮಾಡಬಲ್ಲದು.

ಕೊನೆಗೆ ರೇಷ್ಮೆ. ಪೂಜೆಗೆ ಪಟ್ಟೆಯನ್ನುಟ್ಟು ಬರುವ ಶ್ರಾವಕ ಶ್ರಾವಿಕೆಯರು ಬಸದಿಗಳಲ್ಲಿ ಇಂದಿಗೂ ಕಾಣಸಿಗುತ್ತಾರೆ. ಹೇಮಚಂದ್ರರ ಲಕ್ಷಣ ಎಣಿಸುವ ಅಂಗಗಳಲ್ಲಿ ರೇಷ್ಮೆಯ ಎಳೆಯಿಲ್ಲ ನಿಜ. ಆಶಾಧರರ ಮಾತು ಇರುವುದು ಇಂಥ ಕಡೆಗಾಗಿಯೇ. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಹರಾಜಾಗುವಾಗ ಹುಳು ಒಳಗೆ ಜೀವಂತವಾಗಿರುತ್ತದೆ. ಚಿಟ್ಟೆ ಗೂಡನ್ನು ಕೊರೆದು ಹೊರಬರುವ ಮೊದಲು ನೂಲು ತೆಗೆಯಬೇಕಾದ್ದರಿಂದ ಅದನ್ನು ಬಿಸಿಗೆ ಒಡ್ಡುತ್ತಾರೆ. ವರ್ತಕ ಬೇಗನೆ ಬರುವನೆಂಬ ಪುಲಿಂದರ ಅವಸರವೇ ಇಲ್ಲಿ ಬೇರೆ ರೂಪದಲ್ಲಿದೆ. ಚಿಟ್ಟೆ ಹಾರಿಹೋದ ಮೇಲೆ ನೂಲು ತೆಗೆದ ‘ಅಹಿಂಸಾ ರೇಷ್ಮೆ’ ಈಗ ದೊರೆಯುತ್ತದೆ. ಬೆಲೆ ಹೆಚ್ಚು, ಹೊಳಪು ಕಡಿಮೆ. ಆ ಚಿಟ್ಟೆಗಳಿಟ್ಟ ಮೊಟ್ಟೆಗಳ ಗತಿಯೇನೆಂದು ಅಲ್ಲಿಯೂ ಮಾರುವವನನ್ನು ಕೇಳಬೇಕಾಗುತ್ತದೆ. ಸೀರೆಗೆ ನೇಯ್ದ ಊರಿನ ಹೆಸರು ಬರುತ್ತದೆ: ಇಳಕಲ್ಲು, ಮೊಳಕಾಲ್ಮೂರು, ಕಾಂಚೀಪುರ. ಗೂಡು ಹರಾಜಾದ ಊರಿನ ಹೆಸರನ್ನು ಹೊತ್ತ ಸೀರೆ ಯಾವ ಅಂಗಡಿಯಲ್ಲಿಯೂ ಇಲ್ಲ.